ಕೊಡಲಿ ಬಿದ್ದ ಮೇಲಿನ ನಾಲ್ಕು ಪುಟ

ನಮ್ಮ ಕನ್ನಡ ಸರ್ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ಮೊದಲು ಅಳಲಿಲ್ಲ, ಅನುಮಾನಪಟ್ಟೆ. ಹುಬ್ಬಳ್ಳಿ ಕೋರ್ಟಿನ ಪಡಸಾಲೆಯಲ್ಲಿ ನಮ್ಮ ಸೀನಿಯರ್ ವಕೀಲರ ಫೈಲು ಹಿಡಿದು ನಿಂತಿದ್ದೆ. ಸುದ್ದಿ ಕಳಿಸಿದ ಹಳೆಯ ಗೆಳತಿಗೆ ಅಲ್ಲಿಂದಲೇ ಫೋನ್ ಹಚ್ಚಿ, "ಯಾರು ಹೇಳಿದ್ರು? ಕಂಡವರೋ, ಕೇಳಿದವರೋ?" ಎಂದೆ.

"ಸತ್ತವರ ಸುದ್ದಿಗೂ ಸಾಕ್ಷಿ ಕೇಳ್ತೀಯಲ್ಲ ಬೇ! ಮನಶ್ಯಾಳ ಏನ ನೀ?"

ಮನುಷ್ಯಳೇ. ಆದರೆ ಆ ಪ್ರಶ್ನೆ ನನಗೆ ಕಲಿಸಿದವರೇ ಆ ಸತ್ತವರು.

ಅವರ ಹೆಸರು ಬರೆಯುವುದಿಲ್ಲ. ಈ ಬರಹದಲ್ಲಿ ಅರ್ಧದಷ್ಟು ಅವರ ಮೇಲಿನ ಆರೋಪ. ಉತ್ತರ ಕೊಡಲಾರದವರ ಮೇಲೆ ಹೆಸರು ಹಿಡಿದು ಆರೋಪ ಮಾಡುವುದು ನಮ್ಮ ವೃತ್ತಿಯಲ್ಲಿ ಶೋಭೆಯಲ್ಲ. ಉಳಿದರ್ಧ ನನ್ನ ಮೇಲಿನದು, ಅದಕ್ಕೆ ಉತ್ತರ ಕೊಡಲು ನಾನು ಬದುಕಿದ್ದೇನೆ.

ಸರ್ ಹೊಡೆಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸತ್ತ ಮಾಸ್ತರರ ಬಗ್ಗೆ ಬರೆಯುವವರೆಲ್ಲ 'ಮಕ್ಕಳೆಂದರೆ ಅವರಿಗೆ ಪ್ರಾಣ' ಎಂದೇ ಶುರು ಮಾಡುತ್ತಾರೆ. ಗುಡಗೇರಿ ಕಡೆಯ ಆ ಪಿಯು ಕಾಲೇಜಿನಲ್ಲಿ ಅವರ ಕೈ ತಾಗದ ಗಂಡುಹುಡುಗರ ಕೆನ್ನೆ ಇರಲಿಲ್ಲ. ಹುಡುಗಿಯರಿಗೆ ಬರೀ ಬೈಗುಳ. ತಪ್ಪು ಉತ್ತರಕ್ಕೆ ಅವರು ಹೊಡೆದವರಲ್ಲ. "ಅಂತಾರ್ರಿ ಸರ್ರ" ಎಂದವನಿಗೆ ಮಾತ್ರ ಬೀಳುತ್ತಿತ್ತು. "ಯಾರಂತಾರ? ನೀ ಓದೀಯೇನ? ನಿನ್ನ ಕಣ್ಣೀಲೆ ಕಂಡೀಯೇನ?" ಒಂದೊಂದು ಪ್ರಶ್ನೆಗೆ ಒಂದೊಂದು ಏಟು. ಅವರ ಎಡಗೈಯಲ್ಲಿ ಮೂರೇ ಬೆರಳು. ಆ ಕೈಯ ಏಟು ಇನ್ನೊಂದು ಕೈಯದಕ್ಕಿಂತ ಹೆಚ್ಚು ಉರಿಯುತ್ತದೆ ಅಂತ ಹುಡುಗರು ಹೇಳುತ್ತಿದ್ದರು.

ಆ ಬೆರಳುಗಳ ಕಥೆಯೂ ನೆಟ್ಟಗಿರಲಿಲ್ಲ. ಒಬ್ಬರಿಗೆ ಅರಳೆ ಗಿರಣಿಯಲ್ಲಿ ಸಿಕ್ಕವು ಅಂದಿದ್ದರು, ಇನ್ನೊಬ್ಬರಿಗೆ ಕಬ್ಬಿನ ಗಾಣದಲ್ಲಿ. ನಮ್ಮ ಕ್ಲಾಸಿನಲ್ಲಿ ಒಮ್ಮೆ, ಪಾಲು ಕೇಳಿದ್ದಕ್ಕೆ ಅಣ್ಣ ಕಡಿದ ಅಂದರು. ನಾನು ಎದ್ದು ನಿಂತೆ.

"ಸರ್ರ, ಮೂರು ಕಥಿಯೊಳಗ ಎರಡರ ಸುಳ್ಳು ಇರಬೇಕಲ್ರಿ."

"ಮೂರೂ ಸುಳ್ಳು ಯಾಕಿರಬಾರದು ವಕೀಲಬಾಯಿ? ಕಡೀಕ ಕೇಳಿದ್ದನ್ನ ನಂಬಿಬಿಟ್ಟಿ ನೋಡು. ಮಂದಿ ಎಲ್ಲಾರೂ ಸಿಗಿಬೀಳೂದು ಅಲ್ಲೇ."

ನಾನಾಗ ವಕೀಲಳಲ್ಲ. ಸಂತೆಯಲ್ಲಿ ಬಟ್ಟೆ-ಅರಿವೆ ಮಾರುವ ನಮ್ಮ ಅಬ್ಬಾನ ಮಗಳು. ಗಿರಾಕಿ ಒಂದು ಮಾತಾಡಿದರೆ ನಾಲ್ಕು ಮಾತು ವಾಪಸು ಕೊಟ್ಟು ವ್ಯಾಪಾರ ಕೆಡಿಸುತ್ತಿದ್ದವಳು. ಚರ್ಚಾ ಸ್ಪರ್ಧೆಗೆ ನನ್ನನ್ನು ಎಳೆದು ತಂದವರು ಸರ್. ಬೆಳಿಗ್ಗೆ ಪರವಾಗಿ ವಾದ ಮಾಡಿಸಿ, ಮಧ್ಯಾಹ್ನ ಅದೇ ವಿಷಯಕ್ಕೆ ವಿರೋಧವಾಗಿ ಮಾಡಿಸುತ್ತಿದ್ದರು. ಎರಡೂ ಸಲ ನನ್ನ ದನಿ ಅಷ್ಟೇ ಗಟ್ಟಿಯಾಗಿ ಬಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ಯಾಕೆಂದು ನನಗೆ ಆಗ ತಿಳಿದಿರಲಿಲ್ಲ.

ನಮ್ಮ ಪಠ್ಯದಲ್ಲಿ ಒಂದು ಹಳೆಯ ಕಾದಂಬರಿಯ ತುಣುಕಿತ್ತು. ಎಲ್ಲರೂ ದೊಡ್ಡದೆಂದು ಹೊಗಳುವ, ಹೊಗಳುವವರು ಪೂರ್ತಿ ಓದಿರದ ಕಾದಂಬರಿ. ತುಣುಕಿನಲ್ಲಿ ತಾಯಿಯೊಬ್ಬಳು ದೂರ ಹೊರಟ ಕಿರಿಮಗನಿಗೆ ರೊಟ್ಟಿಬುತ್ತಿ ಕಟ್ಟಿಕೊಡುತ್ತಾಳೆ. ಕೆಳಗೆ ಪ್ರಶ್ನೆ: 'ತಾಯಿಯ ವಾತ್ಸಲ್ಯವನ್ನು ವಿವರಿಸಿ.' ಸರ್ ಪಠ್ಯಪುಸ್ತಕವನ್ನು ಮೇಜಿಗೆ ಅಪ್ಪಳಿಸಿದರು. "ವಾತ್ಸಲ್ಯ! ಎತ್ತಿನ ಬಾಲ ಒಂದು ಕೈಯಾಗ ಕೊಟ್ಟು ಇದ ಎತ್ತು ಅಂತ ಹೇಳಾಕತ್ತಾರ. ಪೂರಾ ಎತ್ತು ನೋಡೂಣು ಬರ್ರಿ."

ಮರುದಿನ ತಮ್ಮ ಸ್ವಂತ ಪ್ರತಿ ತಂದರು. ಇದ್ದದ್ದು ಅದೊಂದೇ, ಹೊಲಿಗೆ ಬಿಚ್ಚಿ ಹಾಳೆ ಉದುರುತ್ತಿತ್ತು. ಅದನ್ನು ಇನ್ನಷ್ಟು ಬಿಚ್ಚಿ, ಅಧ್ಯಾಯಕ್ಕೊಂದರಂತೆ ಬೇರೆ ಮಾಡಿ, ನೂಲಿನಿಂದ ಹೊಲಿದಿದ್ದರು. ಇಪ್ಪತ್ಮೂರು ಅಧ್ಯಾಯ, ನಾವು ಇಪ್ಪತ್ತೆರಡು ಮಂದಿ. ತಲೆಗೊಂದು ಅಧ್ಯಾಯ. ಕೊನೆಯದು ಅವರ ಹತ್ತಿರ. ವಾರಕ್ಕೊಬ್ಬರೋ ಇಬ್ಬರೋ ನಿಂತು ತಮ್ಮ ಅಧ್ಯಾಯದಲ್ಲಿ ಆದದ್ದನ್ನು ಉಳಿದವರಿಗೆ ಹೇಳಬೇಕು.

ಇಷ್ಟೇ ಆಗಿದ್ದರೆ ಒಳ್ಳೆಯ ಮಾಸ್ತರರು ಯಾರಾದರೂ ಮಾಡಿಯಾರು. ಸರ್ ಹಾಳೆಗಳ ಜೊತೆ ಮಡಚಿದ ಒಂದೊಂದು ಚೀಟಿಯನ್ನೂ ಕೊಟ್ಟಿದ್ದರು. ಹೆಚ್ಚಿನವು ಖಾಲಿ. ಕೆಲವುಗಳಲ್ಲಿ ಕೆಂಪು ಚುಕ್ಕೆ. ಚುಕ್ಕೆ ಬಂದವರು ತಮ್ಮ ಅಧ್ಯಾಯದಲ್ಲಿ ಒಂದು ದೊಡ್ಡ ಸುಳ್ಳು ಸೇರಿಸಿ ಹೇಳಬೇಕು. ಕೇಳುವವರು ಪಾಟೀಸವಾಲು ಹಾಕಿ ಅದನ್ನು ಹಿಡಿಯಬೇಕು. ಹಿಡಿಯದಿದ್ದರೆ ಆ ಸುಳ್ಳೇ ಕ್ಲಾಸಿನ ಪಾಲಿಗೆ ಕಥೆ. ವರ್ಷ ಮುಗಿಯುವವರೆಗೆ ತಿದ್ದುವಂತಿಲ್ಲ.

"ಈ ಪುಸ್ತಕದಾಗ ಹೊಡೆತ ಎಣಸಬ್ಯಾಡ್ರಿ," ಅನ್ನುತ್ತಿದ್ದರು. "ಒಂದೊಂದು ಹೊಡೆತದ ಹಿಂದ ಒಂದೊಂದು ಸುಳ್ಳು ಕುಂತೈತಿ. ಅದನ್ನ ಹುಡುಕ್ರಿ."

ಹೊಡೆತಗಳಿಗೆ ಬರವಿರಲಿಲ್ಲ. ಕಥೆ ಅಣ್ಣತಮ್ಮಂದಿರದು; ತಮ್ಮ, ಅಂದರೆ ಆ ಕಿರಿಮಗ, ದೂರದ ಬಂದರಿಗೆ ದುಡಿಯಲು ಹೋಗುತ್ತಾನೆ. ಅವನು ಸತ್ತನೆಂದು ಊರಿಗೆ ಒಂದು ಪತ್ರ ಬರುತ್ತದೆ, ಅದು ಯಾರೋ ಬರೆಸಿದ ಸುಳ್ಳು ಪತ್ರ. ಹೊಲವೆಲ್ಲ ಅಣ್ಣನ ಹೆಸರಿಗಾಗುತ್ತದೆ, ತಮ್ಮನ ಹೆಂಡತಿಯನ್ನು ವಿಧವೆಯೆಂದು ಇನ್ನೊಬ್ಬನಿಗೆ ಉಡಿಕಿ ಮದುವೆ ಮಾಡಿ ಕೊಡುತ್ತಾರೆ. ವರ್ಷಗಳ ಮೇಲೆ ತಮ್ಮ ಬಂದು ಊರ ಅಗಸಿ ಬಾಗಿಲಲ್ಲಿ ನಿಂತರೆ ಊರಿಗೆ ಊರೇ 'ನೀ ಯಾರು?' ಅನ್ನುತ್ತದೆ. ಆ ಸುಳ್ಳನ್ನು ಕಾಯಲು ರಕ್ತ ಬೇಕಾಗುತ್ತದೆ. ತಮ್ಮನ ದನಿ ಕೇಳಿ ಹತ್ತಿರ ಬಂದ ಎತ್ತಿನ ಹಿಂಗಾಲ ನರ ಕತ್ತರಿಸುತ್ತಾರೆ. 'ಸಣ್ಣ ಧಣಿ ಬಂದ್ರು' ಎಂದ ಆಳನ್ನು ಚಕ್ಕಡಿ ಗಾಲಿಗೆ ಕಟ್ಟಿ ಬಡಿಯುತ್ತಾರೆ. ಬೆಳೆದು ನಿಂತ ಹೊಲಕ್ಕೆ ಬೆಂಕಿ ಬೀಳುತ್ತದೆ.

ನಮಗೆ ಅದು ಹಬ್ಬದಂತಿತ್ತು. ಸ್ಟೇಷನ್ ಬಾಜುವಿನ ಚಹಾದಂಗಡಿಯವರ ಮಗ, ಕಥೆಯ ತಮ್ಮ ಸುಗ್ಗಿಯ ಹೊಲದೊಳಗೆ ಅಡಗಿ ಪಾರಾದ ಎಂದು ಹೇಳಿದ.

"ಜೋಳ ಎಷ್ಟೆತ್ತರ ಇತ್ತಪ್ಪಾ?" ಎಂದೆ.

"ಎದಿಮಟ."

"ಹೋದ ವಾರ ಅಣ್ಣ ಬೆಂಕಿ ಹಚ್ಚಿದ ಹೊಲದಾಗ ಎದಿಮಟ ಜೋಳ ಎಲ್ಲಿಂದ ಬಂತಲೇ?"

ಇಡೀ ಕ್ಲಾಸು ಬೆಂಚು ಬಡಿಯಿತು. ಸರ್ ಮೂರು ಬೆರಳ ಕೈಯಿಂದ ನನ್ನ ಡೆಸ್ಕಿಗೆ ಗುದ್ದಿದರು, ಅದು ಶಾಭಾಸ್. ಹೀಗೆ ಒಬ್ಬರಾದ ಮೇಲೊಬ್ಬರನ್ನು ಹಿಡಿದೆ. ಆದರೆ ನನ್ನ ಚೀಟಿ ಖಾಲಿಯಿತ್ತು. ತಕರಾರು ಮಾಡಿದೆ. "ನಿನಗ ಸುಳ್ಳು ಹೇಳಾಕ ಬರೂದಿಲ್ಲ ವಕೀಲಬಾಯಿ," ಅಂದರು. "ಅರ್ಧ ಖರೇ ಹೇಳಾಕ ಚೊಲೊ ಬರತೈತಿ. ಅದಕ್ಕ ಚೀಟಿ ಬೇಕಾಗಿಲ್ಲ."

ಆಳನ್ನು ಬಡಿಯುವ ಅಧ್ಯಾಯ ಮೈಲಾರಿಯ ಪಾಲಿಗೆ ಬಂದಿತ್ತು. ಮೂರನೇ ಬೆಂಚಿನ ಕಿಟಕಿ ಪಕ್ಕ ಕೂರುವವನು, ಬಾಯಿಬಿಟ್ಟು ಮಾತಾಡಿದ್ದೇ ಕಡಿಮೆ. ಅವನು ನಿಂತು, ಮೊದಲ ಏಟಿಗೆ ಮನುಷ್ಯ ಚೀರುತ್ತಾನೆ, ಮೂರನೆಯದಕ್ಕೆ ಹೆಸರು ಹಿಡಿದು ಕರೆಯುತ್ತಾನೆ, ಆಮೇಲೆ ಬರೀ ಉಸಿರಿನ ಸಪ್ಪಳ ಬರುತ್ತದೆ, ರಕ್ತ ಮಣ್ಣಿನಲ್ಲಿ ಹರಿಯುವುದಿಲ್ಲ, ಅಲ್ಲೇ ಕರಿಯಾಗಿ ಇಂಗುತ್ತದೆ ಎಂದು ಒಂದೇ ದನಿಯಲ್ಲಿ ಹೇಳಿದ. ಯಾರೂ ಬೆಂಚು ಬಡಿಯಲಿಲ್ಲ.

"ಇದರಾಗ ಸುಳ್ಳು ಎಲ್ಲೈತಿ, ಯಾರರ ಹೇಳ್ರಿ," ಎಂದರು ಸರ್, ತೀರ ಮೆತ್ತಗೆ.

ಮೈಲಾರಿಯೇ ಉತ್ತರ ಕೊಟ್ಟ. "ಸುಳ್ಳಿಲ್ರಿ ಸರ್ರ. ಹಂಗಾ ಇರತೈತಿ."

ಅವನಿಗೆ ಹದಿನೈದಾಗಿದ್ದಾಗ ಅವನ ಕಣ್ಣೆದುರಿಗೇ, ಹೊಲದ ಬದುವಿನ ಜಗಳದಲ್ಲಿ, ಅವನ ಸ್ವಂತ ಕಾಕಾ, ತನ್ನ ಅಣ್ಣನಾದ ಅವನ ಅಪ್ಪನನ್ನು ಕಡಿದು ಕೊಂದಿದ್ದ. ಕೋರ್ಟಿನಲ್ಲಿ ಇವನೊಬ್ಬನೇ ಸಾಕ್ಷಿ. ಎದುರಿನ ವಕೀಲರು ಆ ದಿನದ ಬಿಸಿಲು, ಕಾಕಾನ ಅಂಗಿ, ಅವನು ಬಂದ ದಿಕ್ಕು ಅಂತ ಕೇಳುತ್ತ ಹೋದಂತೆ ಹುಡುಗ ತಡವರಿಸಿದ. ಮೂರು ವರ್ಷ ಒಳಗಿದ್ದ ಕಾಕಾ, ನಾವು ಎರಡನೇ ಪಿಯುಸಿ ಇದ್ದಾಗ ಸಾಕ್ಷಿ ಸಾಲದೆಂದು ಬಿಡುಗಡೆಯಾಗಿ ಊರಿಗೆ ಬಂದ. ಕಾಕಾನೇ ಕೊಂದದ್ದು ಎಂಬುದರಲ್ಲಿ ಆ ಊರಿನ ಯಾರಿಗೂ ಅನುಮಾನವಿರಲಿಲ್ಲ. ನನಗೂ ಇಲ್ಲ.

ಸೇಡು ತೀರುವ ತನಕ ಇಲ್ಲವೆಂದು ಮೈಲಾರಿಯ ಮನೆಯಲ್ಲಿ ಮೂರು ವರ್ಷದಿಂದ ಹೋಳಿಗೆ ಮಾಡಿರಲಿಲ್ಲ. ಹಬ್ಬಕ್ಕೆ ನೆರೆಯವರು ಕೊಟ್ಟದ್ದನ್ನು ಅವನ ಅವ್ವ ಅವರ ಎದುರಿಗೇ ನಾಯಿಗೆ ಹಾಕುತ್ತಿದ್ದಳಂತೆ. ಬೀಗರು, ಬಳಗದವರು ಬಂದರೆ ಹುಡುಗನ ಗದ್ದ ಎತ್ತಿ ಹಿಡಿದು ಒಂದೇ ಮಾತು ಕೇಳುತ್ತಿದ್ದರು: "ಮೀಸಿ ಬಂತಲ್ಲೋ ಮೈಲಾರಿ?" ಅದರ ಅರ್ಥ ಕೇಳುವ ಅಗತ್ಯ ಅವನಿಗಿರಲಿಲ್ಲ.

ಕಾಕಾ ಬಂದ ವಾರವೇ, ಇನ್ನೂ ಮೂವರ ಅಧ್ಯಾಯ ಬಾಕಿಯಿರುವಾಗ, ಸರ್ ಕೊನೆಯ ಅಧ್ಯಾಯ ಹೇಳಿಬಿಟ್ಟರು. ಕೈಯಲ್ಲಿ ಹಾಳೆ ಇರಲಿಲ್ಲ. ಕಥೆಯ ತಮ್ಮ ಬಾವಿಯ ಮೆಟ್ಟಿಲ ಮೇಲೆ ಕೊಡಲಿ ಹಿಡಿದು ಕಾಯುತ್ತಾನೆ. ಅಣ್ಣ ನೀರು ಕುಡಿಯಲು ಬಗ್ಗುತ್ತಾನೆ. ಸರ್ ನಿಜವಾಗಿಯೂ ಎರಡೂ ಕೈ ಎತ್ತಿ ನಿಂತರು. ಅವರ ಕಂಕುಳ ಬೆವರು ನಮಗೆ ಕಾಣುತ್ತಿತ್ತು.

"ಎತ್ತಿದ ಕೊಡ್ಲಿ ಹಂಗಾ ಭಾವ್ಯಾಗ ಒಗದಾ. 'ನನ್ನ ಸತ್ತಾನಂತ ಬರದೀರಿ. ಸತ್ತಾವ ಯಾರನ್ನೂ ಹೊಡ್ಯಾಂಗಿಲ್ಲ' ಅಂದಾ. ತಿರುಗಿ ನೋಡದ ನಡಕೋತ ಹೋದಾ."

ಮೈಲಾರಿ ಕೇಳಿದ, "ಅಂವ ಹೇಡಿ ಅಲ್ಲೇನ್ರಿ ಸರ್ರ?"

"ಹೇಡಿ ಓಡಿ ಹೋಗ್ತಾನ. ಇಂವ ನಡಕೋತ ಹೋದಾ."

ಎರಡು ದಿನದ ಮೇಲೆ ಮೈಲಾರಿ ಮೀಸೆ ಬೋಳಿಸಿಕೊಂಡು ಬಂದ. ಹುಡುಗರು "ಏನ್ಲೇ, ನಾಟಕದಾಗ ಸ್ತ್ರೀಪಾರ್ಟ್ ಸಿಕ್ಕೈತೇನ?" ಎಂದು ಕಾಡಿಸಿದರು. ಅವನು ನಕ್ಕ. ಧಾರವಾಡದಲ್ಲಿ ಬಿ.ಎ.ಗೆ ಫಾರ್ಮು ಯಾವಾಗ ಕೊಡುತ್ತಾರೆಂದು ಸರ್ ಹತ್ತಿರ ಕೇಳಿದ. ಇದನ್ನೆಲ್ಲ ನಾನು ಕಂಡಿದ್ದೆ. ಕಂಡೂ ಜೋಡಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಮೂರು ಅಧ್ಯಾಯ ಬಿಟ್ಟು ಕೊನೆಗೆ ಯಾಕೆ ಹಾರಿದರು? ಹಾಳೆ ಯಾಕೆ ತರಲಿಲ್ಲ? ನಾವು ಕೇಳಿದ್ದ ಹತ್ತೊಂಬತ್ತು ಅಧ್ಯಾಯದುದ್ದಕ್ಕೂ ಮಾತು ಕಡಿಮೆ, ಕೈ ಮುಂದೆ ಇರುವ ಆ ತಮ್ಮ ಕೊನೆಯಲ್ಲಿ ಅಷ್ಟು ಚೆಂದದ ಮಾತು ಎಲ್ಲಿಂದ ತಂದ?

ಮುಂದಿನ ವಾರ ಚರ್ಚಾ ಸ್ಪರ್ಧೆಗೆಂದು ಧಾರವಾಡಕ್ಕೆ ಹೋದಾಗ ಅಲ್ಲಿಯ ಗ್ರಂಥಾಲಯದಲ್ಲಿ ಆ ಕಾದಂಬರಿ ಹುಡುಕಿದೆ. ಸಿಕ್ಕಿತು. ಕಪಾಟಿನ ನಡುವೆ ನಿಂತೇ ಕೊನೆಯ ಅಧ್ಯಾಯ ಓದಿದೆ. ಆ ತಮ್ಮ ಕೊಡಲಿ ಒಗೆಯುವುದಿಲ್ಲ, ಹೊಡೆಯುತ್ತಾನೆ. ಮೂರು ಏಟು. ಅಣ್ಣ ನೀರಿಗೆ ಬೀಳುತ್ತಾನೆ.

ಅದರ ಮುಂದೆ ಇನ್ನೂ ನಾಲ್ಕು ಪುಟಗಳಿದ್ದವು. ಬಾವಿಗೆ ಓಡಿ ಬಂದ ತಾಯಿ, ಆ ಸುಳ್ಳು ಪತ್ರ ಬರೆಸಿದ್ದು ಅಣ್ಣನಲ್ಲ, ತಾನು ಎನ್ನುತ್ತಾಳೆ. ಹೊಲ ಒಡೆಯಬಾರದೆಂದು, ಮನೆ ಒಂದಾಗಿರಲೆಂದು ಬರೆಸಿದೆ ಎನ್ನುತ್ತಾಳೆ. ಅಣ್ಣನೂ ಆ ಪತ್ರ ನಂಬಿದವನೇ. ತಮ್ಮ ತಿರುಗಿ ಬಂದ ಮೇಲೆ ಹೆದರಿ, ಅದನ್ನು ಮುಚ್ಚಲು ಮೃಗವಾದವನು. ಉಳಿದ ಪುಟಗಳಲ್ಲಿ ತಮ್ಮ ಕೆಂಪಾದ ನೀರಿಗಿಳಿದು, ಹೆಣವನ್ನು ತಬ್ಬಿ ಮೇಲೆತ್ತಲು ನೋಡುತ್ತಾನೆ. ಅದು ಏಳುವುದಿಲ್ಲ. ಕಾದಂಬರಿ ಅಲ್ಲೇ ಮುಗಿಯುತ್ತದೆ.

ಅದನ್ನೂ ಓದಿದೆ. ಓದಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನ್ನ ವಾದದ ಪ್ರಶ್ನೆ ಒಂದೇ: ಕೊಡಲಿ ಬಿತ್ತೋ ಇಲ್ಲವೋ? ಅದಕ್ಕೆ ಬೇಕಾದದ್ದು ಎರಡು ಪುಟ. ಎರಡು ಪುಟದ ಫೋಟೊ ತೆಗೆದುಕೊಂಡೆ.

ಮರುದಿನ ಕ್ಲಾಸಿನಲ್ಲಿ ಎದ್ದು, "ಸರ್ರ, ಕಡೀ ಕೆಂಪು ಚುಕ್ಕಿ ನಿಮ್ಮ ಹತ್ರಾನ ಐತಲ್ರಿ?" ಎಂದೆ. ಕ್ಲಾಸು ಹೋ ಎಂದಿತು. ಸರ್ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಇದನ್ನು ನಾನು ಮರೆತಿಲ್ಲ. ಒಂದು ಕ್ಷಣ ಅವರಿಗೆ ಹೆಮ್ಮೆಯಾಗಿತ್ತು. ಮರುಕ್ಷಣ ಅವರ ಕಣ್ಣು ಮೂರನೇ ಬೆಂಚಿನ ಕಡೆ ಹೋಯಿತು.

"ಕುಂದರಬೇ. ಆಮ್ಯಾಲ ಮಾತಾಡೂಣು."

"ಸಿಕ್ಕಾಗ ಹಿಡೀಬೇಕು ಅಂತ ನೀವಾ ಹೇಳೀರಿ." ಮೊಬೈಲ್ ಎತ್ತಿ ಓದಲು ಶುರುಮಾಡಿದೆ. ಸ್ಪರ್ಧೆಯಲ್ಲಿ ಕಲಿತ ದನಿ, ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತಿತ್ತು. ಕೊಡಲಿ ಬಿದ್ದಲ್ಲಿ ನಿಲ್ಲಿಸಿದೆ. ಹುಡುಗರು ಸಿಳ್ಳೆ ಹೊಡೆದರು.

"ಮುಂದ ಓದು," ಎಂದರು ಸರ್.

"ಸಾಕಲ್ರಿ, ಸಿದ್ಧ ಆತು."

"ಮುಂದ ಓದ!"

"ಮುಂದಿನ ಪುಟ ನನ್ನ ಹತ್ರ ಇಲ್ರಿ."

ಆಗ ಅವರೇ ಹೇಳತೊಡಗಿದರು. "ಕೇಳ್ರಿ ಇಲ್ಲೆ. ಕೊಡ್ಲಿ ಬಿದ್ದ ಮ್ಯಾಲ ಅವರವ್ವ ಓಡಿ ಬರ್ತಾಳ. ಆ ಪತ್ರ ಬರಸಿದಾಕಿ ಆಕೀನ..." ಹಿಂದಿನ ಬೆಂಚಿನಿಂದ ಯಾರೋ ಕೂಗಿದ: "ಮತ್ತೊಂದು ಸುಳ್ಳ್ರಿ ಸರ್ರ!" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಕೋಣೆಯಲ್ಲಿ ಅವರು ಹೇಳುತ್ತಿದ್ದುದು ನಿಜ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ. ಗೆದ್ದವರು ಎದುರಿನವರ ವಾದ ಎತ್ತಿ ಕೊಡುವುದಿಲ್ಲ.

ನಗು ನಿಂತ ಮೇಲೆ ಮೈಲಾರಿ ಎದ್ದ. ಸರ್ ಕಡೆ ಅಲ್ಲ, ನನ್ನ ಕಡೆ ತಿರುಗಿ ಕೇಳಿದ. "ಎಲ್ಲಿ ಹೊಡದಾ? ಕುತ್ತಿಗಿಗೋ, ಹೆಗಲಿಗೋ?"

ಮೊಬೈಲ್ ನೋಡಿ ಹೇಳಿದೆ. "ಹೆಗಲಿಗೆ."

ಸರ್ ನನ್ನ ಕೆನ್ನೆಗೆ ಹೊಡೆದರು. ಎಡಗೈ. ಮೊಬೈಲ್ ಹಾರಿ ಗೋಡೆಗೆ ಬಡಿಯಿತು, ಬಾಯಲ್ಲಿ ಉಪ್ಪುಪ್ಪು ರಕ್ತ ಬಂತು. ಅವರು ಹುಡುಗಿಯೊಬ್ಬಳ ಮೇಲೆ ಕೈ ಮಾಡಿದ್ದು ಅದೇ ಮೊದಲು. ಕ್ಲಾಸಿಗೆ ಇನ್ನೇನು ಪುರಾವೆ ಬೇಕಿತ್ತು? ಸಿಕ್ಕಿಬಿದ್ದವರೇ ಕೈ ಎತ್ತುವುದು ಎಂದು ಅವರೇ ನಮಗೆ ಇಪ್ಪತ್ತು ಅಧ್ಯಾಯ ಕಲಿಸಿದ್ದರು.

ಅಬ್ಬಾ ಪ್ರಿನ್ಸಿಪಾಲರ ಹತ್ತಿರ ಹೋದ. ಅರ್ಜಿ ಬರೆದವಳು ನಾನು, ಒಳ್ಳೆಯ ಅರ್ಜಿ, ಒಂದು ಶಬ್ದ ಹೆಚ್ಚಿಲ್ಲ. ವಿಚಾರಣೆ ಮುಗಿಯುವ ತನಕ ಕ್ಲಾಸಿಗೆ ಬರಬೇಡಿ ಎಂದು ಸರ್‌ಗೆ ಹೇಳಿದರು. ಅವರು ಹೊಲಿದ ಆ ಕೊನೆಯ ಅಧ್ಯಾಯ ಹಿಡಿದುಕೊಂಡು ದಿನಾ ಮೈಲಾರಿಯ ಊರಿಗೆ ಹೋದರಂತೆ. ಅವನ ಅವ್ವ ಬಾಗಿಲಿಗೆ ಅಡ್ಡ ನಿಂತು, "ಹುಡುಗಿಗೆ ಹೊಡದು ಓಡಿ ಬಂದ ಮಾಸ್ತರ ನಮಗೇನ ಬುದ್ಧಿ ಹೇಳ್ತಿರಿ? ನಡೀರಿ," ಅಂದಳಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಇದು ಕೇಳಿದ್ದು. ಮುಂದಿನದು ಕಂಡದ್ದು.

ಹನ್ನೊಂದು ದಿನದ ಮೇಲೆ ಗುಡಗೇರಿಯ ಸಂತೆ. ನಾನು ಅಬ್ಬಾನ ಅರಿವೆ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಹಗ್ಗ, ಮೂಗುದಾಣ ಮಾರುವವನ ಮುಂದೆ ಮೈಲಾರಿಯ ಕಾಕಾ ಬಗ್ಗಿ ಹಗ್ಗ ಎಳೆದು ನೋಡುತ್ತಿದ್ದ. ಮೈಲಾರಿ ಕಮ್ಮಾರರ ಸಾಲಿನ ಕಡೆಯಿಂದ ಬಂದ. ಓಡಲಿಲ್ಲ, ನಡೆದುಕೊಂಡೇ ಬಂದ. ತುಟಿಯ ಮೇಲೆ ಮೀಸೆ ಮತ್ತೆ ಚಿಗುರಿತ್ತು. ಮೊದಲ ಏಟು ಹೆಗಲಿಗೆ. ಒದ್ದೆ ಕಟ್ಟಿಗೆ ಒಡೆದಂತಹ ಸಪ್ಪಳ. ಕಾಕಾ ಚೀರಿದ. ಎರಡನೆಯದು ಅಡ್ಡ ಬಂದ ಅದೇ ತೋಳಿಗೆ. ಮೂರನೆಯದಕ್ಕೆ ಕಾಕಾ "ಮೈಲಾರೀ" ಎಂದು ಹೆಸರು ಹಿಡಿದು ಕೂಗಿದ. ಆ ಏಟು ನೆಲಕ್ಕೆ ಬಿತ್ತು. ನಾನು ಎಣಿಸುತ್ತಿದ್ದೆ. ಎಣಿಸಬೇಡಿರೆಂದು ಸರ್ ಎಷ್ಟು ಹೇಳಿದ್ದರೂ ಎಣಿಸುತ್ತಿದ್ದೆ. ನಮ್ಮ ಬಿಳಿ ಮಲ್ಮಲ್ ಬಟ್ಟೆಯ ಥಾನಿನ ಮಡಿಕೆಗಳ ಮೇಲೆ ಹನಿಗಳು ಬಿದ್ದವು. ಮೈಲಾರಿ ಕೊಡಲಿ ಬಿಟ್ಟು, ಹಗ್ಗದ ಸುರುಳಿಗಳ ನಡುವೆ ಕುಕ್ಕರಿಸಿ ಕೂತು, ಹಗ್ಗದವನನ್ನು ನೀರು ಕೇಳಿದ.

ಕಾಕಾ ಬದುಕಿದ, ತೋಳು ಉಳಿಯಲಿಲ್ಲ. ಮೈಲಾರಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ದೊಡ್ಡವರ ಜೈಲಿಗೆ ಹೋದ. ನಾನು ಅರ್ಜಿ ವಾಪಸು ತೆಗೆದುಕೊಂಡೆ. ಸರ್ ತಾವಾಗಿ ಕಲಘಟಗಿ ಕಡೆಗೆ ವರ್ಗ ಕೇಳಿಕೊಂಡು ಹೋದರು.

ನಾನು ಕಾನೂನು ಓದಿ ಮುಗಿಸಿದ ವರ್ಷ ಬಮ್ಮಿಗಟ್ಟಿಯ ಅವರ ಮನೆಗೆ ಒಮ್ಮೆ ಹೋಗಿದ್ದೆ. ಅಷ್ಟರಲ್ಲಿ ನಿವೃತ್ತಿಯಾಗಿತ್ತು. ಅವರ ಮನೆಯವರು "ಬಾ ಯವ್ವಾ, ಬಿಸಲಾಗ ಬಂದಿ" ಎಂದ ಬೆನ್ನಿಗೇ ಚಹಾ, ಚುರುಮರಿ ತಂದಿಟ್ಟರು. ನಾನು ಕ್ಷಮೆ ಕೇಳಲು ಹೋಗಿದ್ದೆ. ಕೂತ ಮೇಲೆ ಬಾಯಿಂದ ಬಂದದ್ದು ವಾದ.

"ನೀವು ಮಾಡಿದ್ದು ತಪ್ಪರಿ ಸರ್ರ. ಖರೇ ಕಥೀನ ನಿಮ್ಮದಕ್ಕಿಂತ ಗಟ್ಟಿ ಇತ್ತು. ಹೊಡದಾವ ತಪ್ಪು ಮನಶ್ಯಾನ್ನ ಹೊಡದಾ ಅಂತ ಆ ಪುಸ್ತಕಾನ ಹೇಳತೈತಿ. ನೀವು ಪುಸ್ತಕಾನೂ ನಂಬಲಿಲ್ಲ, ನಮ್ಮನ್ನೂ ನಂಬಲಿಲ್ಲ. ಮೊದಲ ಪೂರಾ ಹೇಳಿದ್ರ ನಾ ಹಿಡಿಯೂದರ ಏನ ಇರ್ತಿತ್ತು?"

ಅವರು ಚುರುಮರಿಯಲ್ಲಿನ ಹಸಿಮೆಣಸಿನಕಾಯಿ ತೆಗೆದು ಬದಿಗಿಡುತ್ತಿದ್ದರು. "ಪೂರಾ ಹೇಳ್ಬೇಕಂತ ಮನಿಯಾಗ ಮೂರು ಸರ್ತಿ ಓದಿಕೊಂಡೆ. ಕೊಡ್ಲಿ ಸಪ್ಪಳ ಆದ ಮ್ಯಾಲ ಮುಂದಿನ ನಾಕು ಪುಟ ಅಂವಗ ಕೇಳಸ್ತಿರಲಿಲ್ಲ ಬೇ. ಅವನ ಕಾಕಾ ಖರೇನ ಕೊಂದಾಂವ. 'ಆ ಅಣ್ಣ ಮಾಡಿರಲಿಲ್ಲ, ನಮ್ಮ ಕಾಕಾ ಮಾಡ್ಯಾನ' ಅಂತ ಹೊಡ್ಯಾಕ ಇನ್ನೊಂದು ಕಾರಣ ಹಿಡಕೊಂಡು ಎದ್ದು ಹೋಗ್ತಿದ್ದ. ನನ್ನ ಕೈಯಾಗ ಇದ್ದದ್ದು ಒಂದ ತಾಸು."

"ಆದರೂ ಸುಳ್ಳು ಸುಳ್ಳರಿ."

"ಹೌದು. ಅದಕ್ಕ ನಿನಗ ಸಿಕ್ಕತು." ತಟ್ಟೆ ಬದಿಗೆ ಸರಿಸಿ ಅಂದರು, "ಆ ನಾಕು ಪುಟ ಜೈಲಿಗೆ ಒಯ್ದು ಓದಿದೆ ಅಂವಗ."

"ಏನಂದಾ?"

"'ಇದನ್ನ ಮೊದಲ ಓದಬೇಕಿತ್ತರಿ' ಅಂದಾ."

ಆ ಮಾತು ಯಾರಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, "ಕೆನ್ನಿಗೆ ಹೊಡದದ್ದು ನಂದು ತಪ್ಪು. ಅದರಾಗ ವಾದ ಇಲ್ಲ," ಎಂದರು. ನನ್ನ ಕ್ಷಮೆ ನನ್ನ ಬಾಯಲ್ಲೇ ಉಳಿಯಿತು. ಮುಂದಿನ ಸಲ ಎಂದುಕೊಂಡೆ.

ಮುಂದಿನ ಸಲ ಎಂದರೆ ಈ ಸಲ. ಬಮ್ಮಿಗಟ್ಟಿಗೆ ನಾನು ಹೋಗುವಷ್ಟರಲ್ಲಿ ಅವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ, ಕೊರಳಲ್ಲಿ ಹೂವು. ಮೂರು ಬೆರಳ ಕೈ ತೊಡೆಯ ಮೇಲಿತ್ತು. ಆ ಬೆರಳಿಗೇನಾಯಿತೆಂದು ಅವರ ಮನೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಅವರ ಹೊಲದಲ್ಲೇ ಕುಣಿ ತೋಡಿದ್ದರು. ಕುಣಿಯೊಳಗೆ ನಿಂತು ಕೊನೆಯ ಮಣ್ಣು ಎತ್ತಿ ಹಾಕುತ್ತಿದ್ದವನನ್ನು ನಾನು ಮೊದಲು ಗುರುತಿಸಲಿಲ್ಲ. ದಪ್ಪ ಮೀಸೆ, ಕಿವಿಯ ಹತ್ತಿರ ಕೂದಲು ಆಗಲೇ ಬೆಳ್ಳಗಾಗಿತ್ತು. ಮೈಲಾರಿ ಬಿಡುಗಡೆಯಾಗಿ ವರ್ಷವಾಗಿತ್ತಂತೆ. ಸರ್ ಅವರನ್ನು ಇಳಿಸಿ ಕೂರಿಸುವಾಗ ಕಂಕುಳಿಗೆ ಕೈ ಕೊಟ್ಟು ಹಿಡಿದವನೂ ಅವನೇ. ಎಲ್ಲರೂ ಹಿಡಿಮಣ್ಣು, ಬಿಲ್ವಪತ್ರಿ ಹಾಕಿದರು. ನಾನೂ ಹಾಕಿದೆ.

ಮುಗಿದ ಮೇಲೆ ದೇವಿಕೊಪ್ಪದ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತ ರಸ್ತೆಯಂಚಿನಲ್ಲಿ ಇಬ್ಬರೂ ನಿಂತೆವು. ಅವನ ಕೈಗೆ, ಮೊಣಕಾಲಿಗೆ ಮಣ್ಣು ಒಣಗಿತ್ತು.

"ವಕೀಲಬಾಯಿ ಖರೇನ ವಕೀಲ ಆದ್ಯಂತಲ್ಲ?"

"ಆಗೇನಿ. ಜೂನಿಯರು. ಫೈಲ್ ಹೊರೂ ಕೆಲಸ."

"ಬಾಯಿ ಹಂಗಾ ಐತೋ, ಕಡಿಮಿ ಆಗೇತೋ?"

"ಕೇಸು ಕೊಟ್ಟು ನೋಡು."

"ಬ್ಯಾಡವಾ. ನನ್ನ ಪಾಲಿಂದು ಎಲ್ಲಾ ಮುಗದೈತಿ," ಎಂದು ನಕ್ಕ. ಕಾಕಾ ಈಗ ಎಲ್ಲಿದ್ದಾನೆಂದು ಕೇಳಿದೆ. "ಅಲ್ಲೇ, ಬಾಜೂ ಮನಿಯಾಗ. ಒಂದ ಕೈಲೆ ದನ ಕಟ್ಟತಾನ. ನೋಡ್ತೇನಿ, ಸುಮ್ಮನಿರ್ತೇನಿ. ಅಂವನೂ ಸುಮ್ಮನಿರ್ತಾನ."

ಬಸ್ಸಿನ ಸುಳಿವಿರಲಿಲ್ಲ. ಸರ್‌ಗೆ ಹೇಳಬೇಕಾದದ್ದನ್ನು ಹೇಳದೆಯೇ ಅವರನ್ನು ಕಳೆದುಕೊಂಡಿದ್ದೆ. ಇನ್ನೊಬ್ಬರನ್ನೂ ಹಾಗೆ ಕಳೆದುಕೊಳ್ಳಬಾರದೆಂದು ಹೇಳಿಬಿಟ್ಟೆ.

"ಮೈಲಾರಿ, ಅವತ್ತ ನಾ ಓದಿದ್ನಲ್ಲ. ಮುಂದ ನಾಕು ಪುಟ ಇದ್ದು ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಓದಲಿಲ್ಲ. ಸರ್ ಖರೇ ಹೇಳಾಕತ್ತಾಗನೂ ಸುಮ್ಮನ ನಿಂತೆ."

"ಯಾವತ್ತ?"

"ಕ್ಲಾಸಿನ್ಯಾಗ. ಮೊಬೈಲ್ ಹಿಡಕೊಂಡು. ಸರ್ ನನಗ ಹೊಡದ ದಿವಸ."

ಅವನು ಅಂಗೈಯ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ತಲೆ ಎತ್ತಿ ನೇರ ನನ್ನನ್ನೇ ನೋಡಿದ.

"ಅವತ್ತ ನಾ ಕ್ಲಾಸಿಗೆ ಬಂದಿರಲಿಲ್ಲ ಬಿಡ. ಎತ್ತಿಗೆ ಹುಷಾರಿರಲಿಲ್ಲ, ದನದ ದವಾಖಾನಿಗೆ ಹೊಡಕೊಂಡು ಹೋಗಿದ್ದೆ. ನೀ ಏನ ಓದೀಯೋ ನನಗೇನ ಗೊತ್ತು?"

ಯಾವ ಎತ್ತು? ಎಡದ್ದೋ, ಬಲದ್ದೋ? ಏನಾಗಿತ್ತು? ಎಷ್ಟೊತ್ತಿಗೆ ಹೊರಟೆ, ದಾರಿಯಲ್ಲಿ ಯಾರು ಕಂಡರು? ಪ್ರಶ್ನೆಗಳು ಸಾಲು ಹಿಡಿದು ನಾಲಿಗೆಯ ತುದಿಗೆ ಬಂದು ನಿಂತವು. ಮೂರನೆಯದಕ್ಕೆ ಅವನು ಸಿಕ್ಕಿಬೀಳುತ್ತಿದ್ದ.

"ಹೌದಲ್ಲ," ಎಂದೆ. "ಅವತ್ತ ನಿನ್ನ ಜಾಗಾ ಖಾಲಿ ಇತ್ತು ನೋಡು."